ಹಳೆ ಕಾರಿಗೆ ಸ್ಕ್ಯಾನರ್: ರೇಟ್ ಆಮೇಲೆ, ಭಾಷೆ ಮೊದಲು

ಎಂಜಿನಿಯರಿಂಗ್ ಓದುವ ನಮಗೆಲ್ಲ ಹಬ್ಬಕ್ಕೆ ಊರಿಗೆ ಹೋದಾಗ ಎದುರಾಗುವ ಖಾಯಂ ಪ್ರಶ್ನೆಗಳು ಎರಡು. ಒಂದು, "ಪ್ಲೇಸ್‌ಮೆಂಟ್ ಯಾವಾಗ?" ಇನ್ನೊಂದು, "ಕಾರಿನಲ್ಲಿ ಹಳದಿ ಲೈಟ್ ಉರೀತಾ ಇದೆ, ಏನೂಂತ ಸ್ವಲ್ಪ ನೋಡು." ಮೊದಲನೆಯದಕ್ಕೆ ಉತ್ತರ ನಮ್ಮ ಕೈಲಿಲ್ಲ. ಎರಡನೆಯದಕ್ಕೆ ಇದೆ ಅನ್ನೋ ಧೈರ್ಯದಲ್ಲಿ ಫೋನ್ ತೆಗೆದು, ಅತಿ ಕಡಿಮೆ ಬೆಲೆಯ ಓಬಿಡಿ ಡಾಂಗಲ್ ಆರ್ಡರ್ ಮಾಡಿಬಿಡ್ತೇವೆ. ಮೂರು ದಿನಕ್ಕೆ ಪಾರ್ಸೆಲ್ ಬರುತ್ತೆ. ಚುಚ್ಚಿದರೆ ಲೈಟ್ ಮಿನುಗುತ್ತೆ, ಫೋನಿಗೂ ಕನೆಕ್ಟ್ ಆಗುತ್ತೆ, ಆದರೆ ಕಾರು ಮಾತ್ರ ಮಾತಾಡಲ್ಲ.

ಮಾರುಕಟ್ಟೆಯಲ್ಲಿ 500 ರೂಪಾಯಿ ಆಸುಪಾಸಿನಿಂದ ಹತ್ತಾರು ಸಾವಿರದವರೆಗೆ ಸ್ಕ್ಯಾನರ್‌ಗಳಿವೆ. ಡಬ್ಬಿಯ ಮೇಲೆ ಎಲ್ಲರೂ ಬರೆಯೋದು ಒಂದೇ: "ಎಲ್ಲ ಕಾರುಗಳಿಗೂ ಹೊಂದುತ್ತದೆ." ಹೊಸ ಕಾರಿನ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಹಳೆ ಕಾರಿನ ಮಟ್ಟಿಗೆ ನಂಬಬೇಡಿ. ನಮ್ಮ ಅಭಿಪ್ರಾಯ ಇಷ್ಟು: ಹಳೆ ಕಾರಿಗೆ ಸ್ಕ್ಯಾನರ್ ಕೊಳ್ಳುವವರು ಮೊದಲು ಕಾರು ಯಾವ ಭಾಷೆ ಆಡುತ್ತೆ ಅಂತ ತಿಳಿಯಬೇಕು. ಆಮೇಲೆ ಆ ಭಾಷೆ ಬರುವ ಉಪಕರಣಗಳಲ್ಲಿ ಅಗ್ಗದ್ದನ್ನು ಆರಿಸಬೇಕು. ಈ ಕ್ರಮ ತಿರುವುಮುರುವಾದರೆ 500 ರೂಪಾಯಿ ಉಳಿಸಲು ಹೋಗಿ ಐದು ಸಾವಿರದ ಪಾರ್ಟ್ಸ್ ಸುಮ್ಮನೆ ಬದಲಾಯಿಸುವ ಸ್ಥಿತಿ ಬರುತ್ತೆ.

ಎಲ್ಲಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ: ನಿಮ್ಮ ಗಾಡಿಗೆ ಸ್ಕ್ಯಾನರ್ ಬೇಕಾ? ಕಾರ್ಬ್ಯುರೇಟರ್ ಇರುವ ಹಳೆ ಮಾರುತಿ 800ಕ್ಕೆ ಸ್ಕ್ಯಾನರ್ ತಂದು ಪ್ರಯೋಜನವಿಲ್ಲ. ಅಲ್ಲಿ ಕೇಳೋಕೆ ಎಂಜಿನ್ ಕಂಪ್ಯೂಟರ್ರೇ ಇಲ್ಲ. ಮೆಕ್ಯಾನಿಕಲ್ ಪಂಪ್ ಇರುವ ಹಳೆ ಡೀಸೆಲ್ ಗಾಡಿಗಳ ಕಥೆಯೂ ಅದೇ. ಆಮೇಲೆ ಬಂದ ಎಂಪಿಎಫ್‌ಐ ಗಾಡಿಗಳಲ್ಲಿ ಕಂಪ್ಯೂಟರ್ ಇದೆ. ಆದರೆ ಅದು ಎಲ್ಲರಿಗೂ ಅರ್ಥವಾಗುವ ಹಾಗೆ ಮಾತಾಡಲೇಬೇಕು ಅನ್ನೋ ಕಾನೂನು ನಮ್ಮಲ್ಲಿ ತಡವಾಗಿ ಬಂತು. ಅಮೆರಿಕದಲ್ಲಿ 1996ರಿಂದಲೇ ಹೊಸ ಕಾರುಗಳಿಗೆಲ್ಲ ಓಬಿಡಿ-2 ಕಡ್ಡಾಯ. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ ಅದೇ ಬಗೆಯ ನಿಯಮ ಬಂದಿದ್ದು 2001ರಲ್ಲಿ. ನಮ್ಮಲ್ಲಿ ಬಿಎಸ್-4 ಗಾಡಿಗಳಿಗೆ 2010ರ ಏಪ್ರಿಲ್‌ನಿಂದ ಓಬಿಡಿ-1, 2013ರ ಏಪ್ರಿಲ್‌ನಿಂದ ಓಬಿಡಿ-2.

ಇದರಲ್ಲೂ ಒಂದು ಸಣ್ಣ ತಿರುವು ಇದೆ. 2010ರಲ್ಲಿ ಬಿಎಸ್-4 ಬಂದಿದ್ದು ಬೆಂಗಳೂರು ಸೇರಿ ಕೆಲವು ದೊಡ್ಡ ನಗರಗಳಿಗೆ ಮಾತ್ರ. ದೇಶಕ್ಕೆಲ್ಲ ಕಡ್ಡಾಯವಾಗಿದ್ದು 2017ರಲ್ಲಿ. ಅಂದರೆ 2011ರಲ್ಲಿ ಬೆಂಗಳೂರಿನಲ್ಲಿ ಕೊಂಡ ಕಾರಿಗಿದ್ದ ನಿಯಮ ಅದೇ ವರ್ಷ ಕಲಬುರಗಿಯಲ್ಲೋ ಶಿವಮೊಗ್ಗದಲ್ಲೋ ಕೊಂಡ ಕಾರಿಗೆ ಅನ್ವಯಿಸುತ್ತಿರಲಿಲ್ಲ. ಹಾಗಾಗಿ "ಫ್ರೆಂಡ್ ಗಾಡೀಲಿ ವರ್ಕ್ ಆಯ್ತು, ನಮ್ಮದೂ ಅದೇ ಮಾಡೆಲ್" ಅನ್ನೋ ಲೆಕ್ಕವನ್ನು ಕಣ್ಣುಮುಚ್ಚಿ ನಂಬೋ ಹಾಗಿಲ್ಲ. ಆರ್‌ಸಿ ಪುಸ್ತಕದಲ್ಲಿ ತಯಾರಾದ ತಿಂಗಳು, ವರ್ಷ ನೋಡಿ.

ಇನ್ನು ಭಾಷೆಯ ವಿಷಯ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ ನೋಡೋಕೆ ಎಲ್ಲ ಕಾರಲ್ಲೂ ಒಂದೇ. ಒಳಗಿನ ಮಾತು ಬೇರೆ ಬೇರೆ. ಈಗಿನ ಕಾರುಗಳು ಆಡುವುದು ಕ್ಯಾನ್ ಬಸ್ ಭಾಷೆ, ಸಾಮಾನ್ಯವಾಗಿ ಸೆಕೆಂಡಿಗೆ 5 ಲಕ್ಷ ಬಿಟ್ ವೇಗದಲ್ಲಿ. ಹಳೆ ಕಾರುಗಳಲ್ಲಿ ಬಹುಪಾಲು ಆಡುವುದು ಕೆ-ಲೈನ್. ಐಎಸ್‌ಒ 9141-2, ಕೆಡಬ್ಲ್ಯುಪಿ 2000 ಅಂತ ಕರೆಯೋದು ಇವನ್ನೇ. ವೇಗ ಸೆಕೆಂಡಿಗೆ 10,400 ಬಿಟ್. ಮಾತು ಶುರು ಮಾಡೋಕೂ ಒಂದು ಶಿಷ್ಟಾಚಾರ ಇದೆ. ಹಳೆ ಪದ್ಧತಿಯಲ್ಲಿ ಸ್ಕ್ಯಾನರ್ ಮೊದಲು 5 ಬಾಡ್ ವೇಗದಲ್ಲಿ ಒಂದು ವಿಳಾಸ ಕಳಿಸಬೇಕು. ಸ್ಟಾರ್ಟ್, ಸ್ಟಾಪ್ ಸೇರಿ ಹತ್ತು ಬಿಟ್. ಬರೀ "ನಮಸ್ಕಾರ" ಹೇಳೋಕೆ ಎರಡು ಸೆಕೆಂಡ್. ಆ ಟೈಮಿಂಗ್ ಸ್ವಲ್ಪ ತಪ್ಪಿದರೂ ಇಸಿಯು ತಿರುಗಿ ನೋಡಲ್ಲ.

ಅಗ್ಗದ ಡಾಂಗಲ್‌ಗಳು ಸೋಲೋದು ಇಲ್ಲೇ. ಇವುಗಳ ಮೂಲ ಇಎಲ್‌ಎಂ 327 ಅನ್ನೋ ಚಿಪ್, ಕೆನಡಾದ ಇಎಲ್‌ಎಂ ಎಲೆಕ್ಟ್ರಾನಿಕ್ಸ್ ಕಂಪನಿಯದ್ದು. ಮೊದಲ ಆವೃತ್ತಿಯಲ್ಲಿ ಕೋಡ್ ಕಾಪಿ ಆಗದಂತೆ ರಕ್ಷಣೆ ಇರಲಿಲ್ಲ. ಹಾಗಾಗಿ ನಕಲುಗಳು ನಾಯಿಕೊಡೆಯಂತೆ ಎದ್ದವು. ಮೂಲ ಕಂಪನಿ 2022ರಲ್ಲಿ ಬಾಗಿಲು ಹಾಕಿತು, ನಕಲುಗಳು ಮಾತ್ರ ಇನ್ನೂ ಬರ್ತಾನೇ ಇವೆ. ಮಜಾ ಅಂದರೆ, ಅಂಗಡಿಯವರು "ಒಳ್ಳೇದು ಇದೇ" ಅಂತ ತೋರಿಸುವ 1.5 ಆವೃತ್ತಿಯನ್ನು ಆ ಕಂಪನಿ ಯಾವತ್ತೂ ಬಿಡುಗಡೆಯೇ ಮಾಡಿರಲಿಲ್ಲ. ನಕಲು ಅಂದಮಾತ್ರಕ್ಕೆ ಎಲ್ಲವೂ ಕೆಟ್ಟವು ಅಂತ ನಾವು ಹೇಳ್ತಿಲ್ಲ. ಆದರೆ ಹೆಬ್ಬೆರಳಿನ ಗಾತ್ರದ ಅತಿ ಅಗ್ಗದ ಕೆಲವು ಡಾಂಗಲ್‌ಗಳಲ್ಲಿ ಖರ್ಚು ಉಳಿಸಲು ಕೆ-ಲೈನ್ ಭಾಗವನ್ನೇ ಬಿಟ್ಟಿರುತ್ತಾರೆ, ಇಲ್ಲವೇ ಅರೆಬರೆ ಮಾಡಿರುತ್ತಾರೆ. ಹೊಸ ಕಾರಿನವರಿಗೆ ಇದು ಗೊತ್ತೇ ಆಗಲ್ಲ, ಅವರು ಐದು ಸ್ಟಾರ್ ಕೊಟ್ಟು ಹೋಗ್ತಾರೆ. ಆ ಸ್ಟಾರ್ ನಂಬಿ ತಗೊಂಡ ಹಳೆ ಕಾರಿನವರು ಕೂತು ಕಾಯ್ತಾರೆ. ಕಡಿಮೆ ದುಡ್ಡಿನವರಿಗೆ ಅಂತ ಮಾಡಿದ ವಸ್ತು ಕಡಿಮೆ ದುಡ್ಡಿನವರ ಗಾಡಿಗೇ ಆಗಿಬರಲ್ಲ.

ಒಳ್ಳೇ ಸುದ್ದಿ ಏನಂದ್ರೆ, ಯಾವ ಭಾಷೆ ಅಂತ ಪತ್ತೆ ಮಾಡೋಕೆ ದುಡ್ಡು ಬೇಡ, ಲ್ಯಾಬಿನ ಮಲ್ಟಿಮೀಟರ್ ಸಾಕು. ಸಾಕೆಟ್ಟಿನ ಅಗಲದ ಬದಿ ಮೇಲೆ ಬರುವಂತೆ ನೋಡಿದರೆ ಮೇಲಿನ ಸಾಲಿನಲ್ಲಿ ಎಡದಿಂದ 1ರಿಂದ 8, ಕೆಳಗಿನ ಸಾಲಿನಲ್ಲಿ 9ರಿಂದ 16. ಪಿನ್ 16 ಬ್ಯಾಟರಿ, ಪಿನ್ 4 ಮತ್ತು 5 ಗ್ರೌಂಡ್. 16ಕ್ಕೂ 4ಕ್ಕೂ ನಡುವೆ ಸುಮಾರು 12 ವೋಲ್ಟ್ ಬರದಿದ್ದರೆ ಸ್ಕ್ಯಾನರ್ ಬಿಡಿ, ಮೊದಲು ಫ್ಯೂಸ್ ನೋಡಿ. ಪಿನ್ 7ರಲ್ಲಿ ಲೋಹ ಇದ್ದು, 6 ಮತ್ತು 14 ಖಾಲಿ ಇದ್ದರೆ ನಿಮ್ಮದು ಹೆಚ್ಚಾಗಿ ಕೆ-ಲೈನ್ ಗಾಡಿ. ಕೀ ಆನ್ ಮಾಡಿದಾಗ 7ರಲ್ಲಿ ಬ್ಯಾಟರಿಗೆ ಹತ್ತಿರದ ವೋಲ್ಟೇಜ್ ಕಾಣಬೇಕು. 6 ಮತ್ತು 14 ಎರಡೂ ತುಂಬಿದ್ದರೆ ಕ್ಯಾನ್. ಬ್ಯಾಟರಿ ಬಿಚ್ಚಿ ಅವೆರಡರ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು: ಎರಡು 120 ಓಮ್ ರೆಸಿಸ್ಟರ್ ಪ್ಯಾರಲಲ್‌ನಲ್ಲಿ. ಬೇಸಿಕ್ ಎಲೆಕ್ಟ್ರಿಕಲ್ ಪೇಪರ್ ಇಷ್ಟಕ್ಕಾದರೂ ಉಪಯೋಗಕ್ಕೆ ಬಂತಲ್ಲ!

ಇನ್ನೊಂದು ಎಚ್ಚರಿಕೆ. ಪಿನ್ ಇದ್ದಮಾತ್ರಕ್ಕೆ ಸ್ಟ್ಯಾಂಡರ್ಡ್ ಓಬಿಡಿ-2 ಇದೆ ಅಂತಲ್ಲ. ಕಡ್ಡಾಯ ಬರೋಕೆ ಮುಂಚಿನ ಗಾಡಿಗಳಲ್ಲಿ ಕಂಪನಿಗಳು ಅದೇ ಸಾಕೆಟ್ಟಿನಲ್ಲಿ ತಮ್ಮದೇ ಭಾಷೆ ಓಡಿಸಿದ್ದುಂಟು. ಅಂಥ ಕಾರಿಗೆ ಆ ಕಂಪನಿಯ ಭಾಷೆ ಬರುವ ಸ್ಕ್ಯಾನರ್ರೇ ಬೇಕು. ಕೆಲವದರಲ್ಲಿ ಎರಡು ಟರ್ಮಿನಲ್ ಜೋಡಿಸಿದರೆ ಚೆಕ್ ಎಂಜಿನ್ ಲೈಟೇ ಮಿನುಗಿ ಕೋಡ್ ಹೇಳುತ್ತೆ, ಖರ್ಚು ಒಂದು ತುಂಡು ವೈರ್. ಯಾವ ಎರಡು ಟರ್ಮಿನಲ್ ಅನ್ನೋದನ್ನ ಆ ಮಾಡೆಲ್ಲಿನ ಸರ್ವೀಸ್ ಮ್ಯಾನ್ಯುಯಲ್ ನೋಡಿಯೇ ಮಾಡಿ, ಅಂದಾಜಿನಲ್ಲಿ ಬೇಡ.

ಹಾಗಾದರೆ ಯಾವುದು ತಗೋಬೇಕು? ಕೆ-ಲೈನ್ ಪ್ರೋಟೋಕಾಲ್‌ಗಳ ಹೆಸರನ್ನು ಸ್ಪಷ್ಟವಾಗಿ ಬರೆದಿರಬೇಕು, ವಾಪಸ್ ಮಾಡುವ ಅವಕಾಶ ಇರಬೇಕು, ಕೋಡ್ ಜೊತೆ ಲೈವ್ ಡೇಟಾ ಮತ್ತು ಫ್ರೀಜ್ ಫ್ರೇಮ್ ತೋರಿಸಬೇಕು. ಬೆಂಗಳೂರಿನವರು ಆನ್‌ಲೈನ್ ಬಿಟ್ಟು ಜೆ.ಸಿ. ರಸ್ತೆಯಲ್ಲೂ ವಿಚಾರಿಸಬಹುದು, ಸಾಧ್ಯವಾದರೆ ಗಾಡಿಯಲ್ಲೇ ಹಾಕಿ ನೋಡಿ ದುಡ್ಡು ಕೊಡಿ. ಐಫೋನ್ ಇರುವವರು ಹಳೆ ಬಗೆಯ ಬ್ಲೂಟೂತ್ ಡಾಂಗಲ್ ತಗೊಂಡರೆ ಕೆಲಸ ಆಗಲ್ಲ. ವೈಫೈ ಇರುವುದು ಅಥವಾ ಬ್ಲೂಟೂತ್ ಲೋ ಎನರ್ಜಿ ಇರುವುದು ಬೇಕು. ಫೋನಿನ ತಂಟೆಯೇ ಬೇಡ ಅನ್ನುವ ಅಪ್ಪ, ಚಿಕ್ಕಪ್ಪಂದಿರಿಗೆ ಸ್ಕ್ರೀನ್ ಇರುವ ಕೈಹಿಡಿಯ ರೀಡರ್ ಒಳ್ಳೇದು. ಎಬಿಎಸ್, ಏರ್‌ಬ್ಯಾಗ್ ಕೋಡ್ ಅಗ್ಗದ ಉಪಕರಣದಲ್ಲಿ ಬರುತ್ತೆ ಅಂತ ನಿರೀಕ್ಷಿಸಬೇಡಿ, ಅದಕ್ಕೆ ಗ್ಯಾರೇಜಿನ ದೊಡ್ಡ ಸ್ಕ್ಯಾನರ್ ಬೇಕು. ಮತ್ತೆ, ಕೆಲಸ ಮುಗಿದ ಮೇಲೆ ಡಾಂಗಲ್ ಕಿತ್ತಿಡಿ. ಪಿನ್ 16ರಲ್ಲಿ ಕೀ ಆಫ್ ಇದ್ದಾಗಲೂ ಕರೆಂಟ್ ಇರುತ್ತೆ. ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಅದರಿಂದಲೇ ಇಳಿಯಬಹುದು.

ಲೈವ್ ಡೇಟಾ ಯಾಕೆ ಇಷ್ಟು ಮುಖ್ಯ? ಯಾಕಂದರೆ ಕೋಡ್ ಅನ್ನೋದು ದೂರು, ತೀರ್ಪಲ್ಲ. ಉದಾಹರಣೆಗೆ ಪಿ0171. ಅರ್ಥ: ಎಂಜಿನ್‌ನಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಮ್ಮಿ. ಇದನ್ನು ನೋಡಿದ ತಕ್ಷಣ ಆಕ್ಸಿಜನ್ ಸೆನ್ಸರ್ ಬದಲಾಯಿಸುವವರು ಬಹಳ. ಪಾಪ, ಸೆನ್ಸರ್ ಸುದ್ದಿ ಹೇಳಿತು ಅಷ್ಟೆ. ತಪ್ಪು ಬೇರೆಲ್ಲೋ ಇರುತ್ತೆ: ಸೀಳಿದ ವ್ಯಾಕ್ಯೂಮ್ ಪೈಪು, ಸೋತ ಫ್ಯೂಯಲ್ ಪಂಪ್, ಕೊಳೆಯಾದ ಗಾಳಿ ಸೆನ್ಸರ್. ಲೈವ್ ಡೇಟಾದಲ್ಲಿ ಫ್ಯೂಯಲ್ ಟ್ರಿಮ್ ನೋಡಿ. ಗಾಳಿಯ ಪ್ರಮಾಣ ಅಳೆಯುವ ಎಂಎಎಫ್ ಸೆನ್ಸರ್ ಇರುವ ಕಾರಿನಲ್ಲಿ ಐಡಲ್‌ನಲ್ಲಿ ಟ್ರಿಮ್ ಶೇ. 20ರಷ್ಟು ಮೇಲಿದ್ದು, 2500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಗಾಳಿ ಸೋರಿಕೆಯ ಅನುಮಾನ. ಲೋಡ್ ಹೆಚ್ಚಾದಂತೆ ಟ್ರಿಮ್ಮೂ ಏರಿದರೆ ಪೆಟ್ರೋಲ್ ಪೂರೈಕೆಯ ಕಡೆ ಅಥವಾ ಆ ಎಂಎಎಫ್ ಸೆನ್ಸರ್ ಕಡೆ ನೋಡಬೇಕು. ನಮ್ಮ ಸಣ್ಣ ಕಾರುಗಳಲ್ಲಿ ಅನೇಕದರಲ್ಲಿ ಇರುವುದು ಒತ್ತಡ ಅಳೆಯುವ ಎಂಎಪಿ ಸೆನ್ಸರ್. ಅಲ್ಲಿ ಸೋರಿಕೆಯಾದರೆ ಟ್ರಿಮ್‌ಗಿಂತ ಮೊದಲು ಐಡಲ್ ಆರ್‌ಪಿಎಂ ಏರಿರೋದೇ ಕಾಣಬಹುದು.

ಇನ್ನೂ ಸುಲಭದ್ದು ಒಂದಿದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಗ್ಗೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಕೂಲಂಟ್ ತಾಪಮಾನ ನೋಡಿ. ಹೊರಗಿನ ಗಾಳಿಯ ಆಸುಪಾಸಿನಲ್ಲೇ ಇರಬೇಕು. ಮೈನಸ್ 40 ತೋರಿಸಿದರೆ ಊರಿಗೆ ಹಿಮ ಬಿದ್ದಿಲ್ಲ. ಸೆನ್ಸರ್ ವೈರ್ ಕಿತ್ತಿದೆ ಅಂತ ಅನುಮಾನಪಡಿ. ಓಬಿಡಿಯಲ್ಲಿ ತಾಪಮಾನ ಬರೋದು ಒಂದು ಬೈಟ್‌ನಲ್ಲಿ, ಅದರಿಂದ 40 ಕಳೆಯಬೇಕು. ಬೈಟ್ ಸೊನ್ನೆ ಆದರೆ ಮೈನಸ್ 40. ಕೆ-ಲೈನ್ ನಿಧಾನ, ಆದ್ದರಿಂದ ಹಳೆ ಕಾರಿನಲ್ಲಿ ಒಮ್ಮೆಗೆ ಎರಡು ಮೂರು ಮೌಲ್ಯ ಮಾತ್ರ ಆರಿಸಿ ನೋಡಿ. ಹತ್ತು ಮೀಟರ್ ಒಟ್ಟಿಗೆ ಇಟ್ಟರೆ ಯಾವುದೂ ಸರಿಯಾಗಿ ಕಾಣಲ್ಲ. ಓಡಿಸುತ್ತಾ ನೋಡೋ ಕೆಲಸ ಪಕ್ಕದ ಸೀಟಿನವರದ್ದು.

ಈ ಉಪಕರಣಗಳಲ್ಲಿ ಎಲ್ಲರಿಗೂ ಇಷ್ಟವಾಗುವ ಬಟನ್ "ಕ್ಲಿಯರ್". ನಮಗೆ ಅತಿ ಅಪಾಯಕಾರಿ ಅನ್ನಿಸೋದೂ ಅದೇ. ಒತ್ತಿದರೆ ಹಳದಿ ಲೈಟ್ ಹೋಗುತ್ತೆ, ಜೊತೆಗೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತೆ. ತೊಂದರೆ ಆದ ಕ್ಷಣದಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು ಅನ್ನೋ ಸಾಕ್ಷಿಯೇ ಅಳಿದ ಹಾಗೆ. ಮೆಕ್ಯಾನಿಕ್ ಹತ್ತಿರ ಹೋಗುವ ಮುಂಚೆ ಕ್ಲಿಯರ್ ಮಾಡಿದವರು ಡಾಕ್ಟರ್ ಮುಂದೆ ಬಾಯಿಬಿಡದ ಪೇಶಂಟ್ ಇದ್ದಹಾಗೆ. ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಂತೂ ಈ ಬಟನ್ ಮೋಸಕ್ಕೇ ಬಳಕೆಯಾಗಬಹುದು. ಓಬಿಡಿ-2 ಇರುವ ಕಾರು ನೋಡೋಕೆ ಹೋದಾಗ ಕೋಡ್ ಇಲ್ಲ ಅಂತ ಖುಷಿಪಡಬೇಡಿ, "ರೆಡಿನೆಸ್" ಪುಟ ತೆರೆಯಿರಿ. ಎಲ್ಲ ಪರೀಕ್ಷೆಗಳೂ "ಅಪೂರ್ಣ" ಅಂತಿದ್ದರೆ ಇತ್ತೀಚೆಗೆ ಯಾರೋ ಕ್ಲಿಯರ್ ಮಾಡಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಕಾರಣ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಕೆಲವು ದಿನ ಓಡಿಸಿದ ಮೇಲೆ ಮತ್ತೆ ನೋಡ್ತೇವೆ ಅಂತ ಹೇಳಿ. ಅಪ್ಪ ಕೂಡಿಟ್ಟ ಲಕ್ಷ, ಎರಡು ಲಕ್ಷದ ಮುಂದೆ ಆ ಕೆಲವು ದಿನ ಏನೂ ಅಲ್ಲ.

"ಇಷ್ಟೆಲ್ಲ ಯಾಕೆ? ನಮ್ಮೂರ ಮೆಕ್ಯಾನಿಕ್ ಅಣ್ಣ ಸೌಂಡ್ ಕೇಳೇ ಹೇಳ್ತಾರೆ" ಅನ್ನುವವರಿದ್ದಾರೆ. ನಿಜ, ಹೇಳ್ತಾರೆ. ಹಳೆ ಗಾಡಿಯ ಅರ್ಧ ತೊಂದರೆ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಸಡಿಲ ಅರ್ಥ್ ವೈರ್‌ಗಳಲ್ಲೇ ಮುಗಿಯುತ್ತೆ. ಸ್ಕ್ಯಾನರ್ ಅವರಿಗೆ ಬದಲಿ ಅಲ್ಲ. ಆದರೆ ಕಿವಿಗೆ ಫ್ಯೂಯಲ್ ಟ್ರಿಮ್ ಕೇಳಿಸಲ್ಲ. ನಾವು ಹೋಗಿ "ನೀವು ಹೇಳಿದ್ದು ತಪ್ಪು, ಆ್ಯಪ್ ಹೀಗೆ ಹೇಳ್ತಿದೆ" ಅಂದರೆ ಅಲ್ಲಿಗೆ ಮಾತು ಮುಗೀತು. "ಅಣ್ಣ, ಐಡಲ್‌ನಲ್ಲಿ ಇಷ್ಟು ತೋರಿಸ್ತಿದೆ, ನಿಮಗೇನನ್ಸುತ್ತೆ?" ಅಂದರೆ ಇಬ್ಬರೂ ಕಲೀತೀವಿ. ವರ್ಷಕ್ಕೊಮ್ಮೆ ಮಾತ್ರ ಸ್ಕ್ಯಾನ್ ಬೇಕಾಗುವ ಮನೆಯವರು ಕೊಳ್ಳಲೇಬೇಡಿ, ಗ್ಯಾರೇಜಿನಲ್ಲಿ ಕೆಲವು ನೂರು ರೂಪಾಯಿ ಕೊಟ್ಟು ಮಾಡಿಸಿ, ಆದರೆ ಕೋಡ್ ನಂಬರ್ ಬರೆಸಿಕೊಂಡು ಬನ್ನಿ.

ಕೊನೆಗೆ ನಮ್ಮದೊಂದು ಪ್ರಸ್ತಾಪ. ಹಾಸ್ಟೆಲಿನಲ್ಲಿ ಒಬ್ಬೊಬ್ಬರೂ ಒಂದೊಂದು 500 ರೂಪಾಯಿಯ ಡಾಂಗಲ್ ತಂದು ಮೂಲೆಗೆಸೆಯುವ ಬದಲು, ಐದಾರು ಜನ ಸೇರಿ ಕೆ-ಲೈನ್, ಕ್ಯಾನ್ ಎರಡೂ ಬರುವ ಒಂದೇ ಒಂದು ಒಳ್ಳೇದು ತಗೊಳ್ಳೋಣ. ಊರಿಗೆ ಹೋಗುವವರು ಸರದಿಯಲ್ಲಿ ಒಯ್ಯಲಿ. ಯಾವ ಮಾಡೆಲ್, ಯಾವ ವರ್ಷ, ಯಾವ ಭಾಷೆ, ಏನು ಕೋಡ್, ಕೊನೆಗೆ ಏನು ರಿಪೇರಿ ಆಯ್ತು ಅನ್ನೋ ಐದು ವಿಷಯ ಒಂದು ಶೀಟಿನಲ್ಲಿ ತುಂಬಲಿ. ಸಾಮಾನ್ಯವಾಗಿ ಬರುವ ಕೋಡ್‌ಗಳ ಅರ್ಥವನ್ನು ಕನ್ನಡ ಸಂಘದವರಾದ ನಾವು ಸರಳ ಕನ್ನಡದಲ್ಲಿ ಬರೆಯೋಣ. ಕೋಡಿಗೆ ಅನುವಾದ ಅಂತಲ್ಲ; "ಮೊದಲು ಇದನ್ನು ನೋಡಿ, ಆಮೇಲೆ ಇದನ್ನು, ಪಾರ್ಟ್ಸ್ ಬದಲಾಯಿಸೋದು ಕೊನೆಗೆ" ಅನ್ನುವ ಹಾಗೆ. ಸ್ಕ್ಯಾನರ್ ಇಂಗ್ಲಿಷಿನಲ್ಲಿ ಹೇಳಿದ್ದು ಕನ್ನಡದಲ್ಲಿ ಸಿಕ್ಕರೆ ಗಾಡಿ ಓಡಿಸಿ ಮನೆ ನಡೆಸುವ ಡ್ರೈವರ್ ಅಣ್ಣನಿಗೂ, ಹೆದ್ದಾರಿ ಬದಿಯ ಗ್ಯಾರೇಜಿನ ಹುಡುಗನಿಗೂ ಕೆಲಸಕ್ಕೆ ಬರುತ್ತೆ. ಮೊದಲ ಹತ್ತು ಕೋಡ್‌ಗಳಿಗೆ ಕೈ ಹಾಕುವವರು ಈ ಶನಿವಾರ ಸಂಘದ ರೂಮಿಗೆ ಬನ್ನಿ, ಬರುವಾಗ ಮನೆ ಕಾರಿನ ಮಾಡೆಲ್ ಮತ್ತು ವರ್ಷ ಕೇಳಿಕೊಂಡು ಬನ್ನಿ.