ಬಾಗಿಲು ಯಾವ ಕಡೆಗೆ ತೆರೆಯುತ್ತದೆ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯೊಡನೆ ಮನೆಗೆ ಬಂದಿದ್ದಳು. ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದಾಳೆ. ಕಾಫಿ ಕುಡಿದು ಲೋಟ ಕೆಳಗಿಡುತ್ತಾ ತಾಯಿ ಮೆಲ್ಲಗೆ ವಿಷಯ ತೆಗೆದರು. "ಸಾರ್, ಕಾಲೇಜಿನವರು ಇವಳಿಗೊಂದು ವಿಡಿಯೋ ಕಳಿಸಿದ್ದಾರೆ. ಯಾರಾದರೂ ಬಂದೂಕು ಹಿಡಿದು ಕ್ಯಾಂಪಸ್ಸಿಗೆ ನುಗ್ಗಿದರೆ ಏನು ಮಾಡಬೇಕು ಅಂತ. ಅದನ್ನು ನೋಡಿದಾಗಿನಿಂದ ನನಗೆ ನಿದ್ದೆಯಿಲ್ಲ. ಕಳಿಸೋದೋ ಬೇಡವೋ, ನೀವೇ ಹೇಳಿ."

ಅಲ್ಲಿ ಓದುವ ಮಕ್ಕಳಲ್ಲಿ ಬಹುಪಾಲು ಮಂದಿ ಇಂಥದ್ದನ್ನು ಕಣ್ಣಾರೆ ಕಾಣದೆಯೇ ಪದವಿ ಮುಗಿಸುತ್ತಾರೆ. ನಮ್ಮಲ್ಲೂ ನಡೆದೇ ಇಲ್ಲವೆಂದೇನಿಲ್ಲ. 2005ರ ಡಿಸೆಂಬರ್ 28ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಮ್ಮೇಳನ ಮುಗಿಸಿ ಹೊರಬರುತ್ತಿದ್ದವರ ಮೇಲೆ ಗುಂಡು ಹಾರಿ ಗಣಿತದ ಪ್ರಾಧ್ಯಾಪಕ ಎಂ.ಸಿ. ಪುರಿ ತೀರಿಕೊಂಡರು. ಕಳಿಸಿ ಎಂದೆ. ಆದರೆ ಆ ವಿಡಿಯೋ ಹೇಳುವುದರ ಹಿಂದಿನ ಕಾರಣ ತಿಳಿದು ಹೋಗಲಿ ಎಂದು ಕೂರಿಸಿಕೊಂಡು ಒಂದು ಬೆಳಗಿನ ಕತೆ ಹೇಳಿದೆ.

2007ರ ಏಪ್ರಿಲ್ 16, ಸೋಮವಾರ. ವರ್ಜೀನಿಯಾ ಟೆಕ್ ವಿಶ್ವವಿದ್ಯಾನಿಲಯ. ಬೆಳಿಗ್ಗೆ ಏಳೂಕಾಲರ ಸುಮಾರಿಗೆ ಹಾಸ್ಟೆಲಿನಲ್ಲಿ ಇಬ್ಬರ ಕೊಲೆಯಾಯಿತು. ವಿದ್ಯಾರ್ಥಿಗಳಿಗೆ ಮೊದಲ ಇ-ಮೇಲ್ ಹೋದದ್ದು 9:26ಕ್ಕೆ. ಅಷ್ಟರಲ್ಲಿ ತರಗತಿಗಳು ಶುರುವಾಗಿದ್ದವು. 9:40ರ ಸುಮಾರಿಗೆ ಅದೇ ಕೊಲೆಗಾರ, ಅಲ್ಲಿನ ವಿದ್ಯಾರ್ಥಿಯೇ, ನಾರಿಸ್ ಹಾಲ್ ಎಂಬ ಎಂಜಿನಿಯರಿಂಗ್ ಕಟ್ಟಡದ ಹೊರಬಾಗಿಲುಗಳಿಗೆ ಒಳಗಿನಿಂದ ಸರಪಣಿ ಬಿಗಿದು ಗುಂಡು ಹಾರಿಸತೊಡಗಿದ. ಸದ್ದು ಕೇಳಿದ ಕೆಲವರು ಪಕ್ಕದಲ್ಲಿ ಕಟ್ಟಡದ ಕೆಲಸ ನಡೆದಿರಬೇಕೆಂದುಕೊಂಡರು. ಸಿನಿಮಾದ ಬಂದೂಕಿನ ಸದ್ದಿಗೂ ನಿಜದ್ದಕ್ಕೂ ಬಹಳ ಅಂತರವಿದೆ; ಉದ್ದನೆಯ ಕಾರಿಡಾರಿನಲ್ಲಿ ಸದ್ದು ಗೋಡೆಗೆ ಬಡಿದು ಮರಳುವುದರಿಂದ ದಿಕ್ಕೂ ತಿಳಿಯುವುದಿಲ್ಲ. ಹತ್ತು ಹನ್ನೊಂದು ನಿಮಿಷದಲ್ಲಿ ಎಲ್ಲ ಮುಗಿಯಿತು. ಹಾಸ್ಟೆಲಿನ ಇಬ್ಬರೂ ಸೇರಿ 32 ಮಂದಿ ಸತ್ತರು. ಅವರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದ ಪ್ರಾಧ್ಯಾಪಕ ಜಿ.ವಿ. ಲೋಗನಾಥನ್ ಒಬ್ಬರು, ಮುಂಬೈಯ ವಿದ್ಯಾರ್ಥಿನಿ ಒಬ್ಬಳು.

ಆ ಮಹಡಿಯ ತರಗತಿಗಳ ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕವೇ ಇರಲಿಲ್ಲ. ಆದರೂ 205ನೇ ಕೊಠಡಿಯಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ಅಲ್ಲಿದ್ದವರು ಮೇಷ್ಟ್ರ ದೊಡ್ಡ ಮೇಜನ್ನು ಬಾಗಿಲಿಗೆ ತಳ್ಳಿ ಒತ್ತಿ ಹಿಡಿದರು. ಅವನು ನೂಕಿದ, ಬಾಗಿಲ ಮೂಲಕವೇ ಗುಂಡು ಹೊಡೆದ, ಒಳಬರಲಾಗದೆ ಮುಂದೆ ಹೋದ. ಪಕ್ಕದ 204ರಲ್ಲಿ 76 ವರ್ಷದ ಲಿವಿಯು ಲಿಬ್ರೆಸ್ಕು ತಮ್ಮ ಮೈಯನ್ನೇ ಬಾಗಿಲಿಗೆ ಕೊಟ್ಟು ನಿಂತರು. ರುಮೇನಿಯಾದಲ್ಲಿ ಹುಟ್ಟಿ, ಯಹೂದಿಗಳ ನರಮೇಧದಿಂದ ಬದುಕಿ ಉಳಿದು ಬಂದಿದ್ದ ಪ್ರಾಧ್ಯಾಪಕರು. ಅವರು ತಡೆದು ನಿಂತಷ್ಟು ಹೊತ್ತಿನಲ್ಲಿ ಅವರ ವಿದ್ಯಾರ್ಥಿಗಳು ಕಿಟಕಿಯಿಂದ ಹಾರಿಕೊಂಡರು. ಅವರು ಉಳಿಯಲಿಲ್ಲ. ಮೇಷ್ಟ್ರಾಗಿ ನನಗೆ ಈ ಭಾಗ ಹೇಳುವಾಗ ಗಂಟಲು ಕಟ್ಟುತ್ತದೆ.

ಇಲ್ಲಿರುವುದು ಎಂಟನೇ ತರಗತಿಯ ವಿಜ್ಞಾನ. ಬಾಗಿಲೂ ಒಂದು ಸನ್ನೆಕೋಲು. ಕೀಲಿನ ಪಕ್ಕ ಕುರ್ಚಿಯಿಟ್ಟರೆ ಏನೂ ಆಗದು. ಹಿಡಿಯಿರುವ ಕಡೆ ಅಡ್ಡವಿಟ್ಟರೆ ಕಡಿಮೆ ಬಲದಲ್ಲೇ ತಡೆಯಬಹುದು. ನುಣುಪು ನೆಲದಲ್ಲಿ ಭಾರದ ಮೇಜೂ ಜಾರುತ್ತದೆ, ಆದ್ದರಿಂದ ಮೇಜಿನ ಹಿಂದೆ ಮೇಜು ಸೇರಿಸಬೇಕು. ಆದರೆ ಇದೆಲ್ಲ ಒಳಕ್ಕೆ ತೆರೆಯುವ ಬಾಗಿಲಿಗೆ. 2016ರ ಜೂನ್ 1ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಗುಂಡಿನ ಸದ್ದಾದಾಗ ಕೆಲವು ತರಗತಿಗಳ ಬಾಗಿಲು ಹೊರಕ್ಕೆ ತೆರೆಯುವಂಥವು. ಮೇಜಿಟ್ಟು ಏನು ಪ್ರಯೋಜನ? ಹುಡುಗರು ಸೊಂಟದ ಬೆಲ್ಟು, ವಿದ್ಯುತ್ ವೈರುಗಳನ್ನು ಹಿಡಿಗೆ ಬಿಗಿದು ಒಳಗಿನ ಭಾರವಾದ ವಸ್ತುಗಳಿಗೆ ಕಟ್ಟಿದರು.

ಬಾಗಿಲ ಎದುರಿಗೆ ಮಾತ್ರ ಕೂರಬಾರದು. ಮರದ ಹಲಗೆ ನಮ್ಮನ್ನು ಮರೆಮಾಡುತ್ತದೆ, ಗುಂಡನ್ನು ತಡೆಯುವುದಿಲ್ಲ. ಪಕ್ಕದ ಗೋಡೆಗೆ, ಕಾಂಕ್ರೀಟಿನದಾದರೆ ಇನ್ನೂ ಒಳ್ಳೆಯದು, ಒರಗಿ ಕೆಳಗೆ ಕುಳಿತು ದೀಪ ಆರಿಸಬೇಕು.

ಇದು ಎರಡನೆಯ ದಾರಿ ಎಂಬುದನ್ನು ಮರೆಯಬೇಡಿ. ಮೊದಲನೆಯದು ಓಟ. ದಾರಿ ತೆರವಿದ್ದರೆ ಬ್ಯಾಗು, ಲ್ಯಾಪ್‌ಟಾಪು ಅಲ್ಲೇ ಬಿಟ್ಟು, ಯಾರೂ ಬಾರದಿದ್ದರೂ ಕಾಯದೆ ಹೊರಡಬೇಕು. ಹೊರಗೆ ಹೋದ ಮೇಲೆ 911ಕ್ಕೆ ಫೋನು. ಓಡಲೂ ಆಗದೆ, ಅಡಗಲೂ ಆಗದೆ, ಅವನು ಒಳಗೇ ಬಂದುಬಿಟ್ಟರೆ ಮಾತ್ರ ಕೈಗೆ ಸಿಕ್ಕಿದ್ದರಿಂದ ಎಲ್ಲರೂ ಸೇರಿ ಎದುರಿಸುವುದು.

ಎಷ್ಟು ಹೊತ್ತು ಅಡಗಬೇಕು ಎಂದು ಹುಡುಗಿ ಕೇಳಿದಳು. ಪೊಲೀಸರು ಬಂದು ಬಿಡಿಸುವವರೆಗೆ. 2000ದಿಂದ 2013ರವರೆಗಿನ ಇಂಥ ಘಟನೆಗಳನ್ನು ಎಫ್‌ಬಿಐ ಪರಿಶೀಲಿಸಿತು. ಅವಧಿ ಗೊತ್ತಿದ್ದ 63ರಲ್ಲಿ 44 ಘಟನೆಗಳು ಐದು ನಿಮಿಷದೊಳಗೆ ಮುಗಿದಿದ್ದವು. ಬಾಗಿಲು ಗಳಿಸಿಕೊಡುವ ಒಂದೆರಡು ನಿಮಿಷದ ಬೆಲೆ ಇದರಿಂದ ತಿಳಿಯುತ್ತದೆ. ಪೊಲೀಸರೆದುರು ಹೊರಬರುವಾಗ ಕೈಯಲ್ಲಿ ಮೊಬೈಲೂ ಇರಬಾರದು, ಬೆರಳು ಬಿಡಿಸಿ ಕೈ ಮೇಲೆತ್ತಿರಬೇಕು. ಯಾರು ಕೊಲೆಗಾರನೆಂದು ಅವರಿಗೆ ಗೊತ್ತಿರುವುದಿಲ್ಲ. ಮೊದಲು ಬರುವ ತಂಡ ಗಾಯಾಳುಗಳನ್ನು ದಾಟಿಕೊಂಡೇ ಹೋಗುತ್ತದೆ. ಕ್ರೌರ್ಯವೆಂದು ತಿಳಿಯಬೇಡಿ, ಗುಂಡು ನಿಲ್ಲಿಸುವುದು ಅವರ ಮೊದಲ ಕೆಲಸ.

ತಾಯಿಗೂ ಒಂದು ಮಾತು ಹೇಳಿದೆ. ವರ್ಜೀನಿಯಾದ ಆ ಬೆಳಗು ನಮ್ಮಲ್ಲಿ ಸಂಜೆ ಏಳು ದಾಟಿದ ಹೊತ್ತು, ಟಿ.ವಿ. ಮುಂದೆ ಕೂರುವ ಸಮಯ. ಸುದ್ದಿ ಕಂಡೊಡನೆ ಕೈ ಫೋನಿಗೆ ಹೋಗುತ್ತದೆ. ಕತ್ತಲಲ್ಲಿ ಉಸಿರು ಬಿಗಿಹಿಡಿದು ಕುಳಿತವಳ ಫೋನು ಆಗ ರಿಂಗಾಗಬಾರದು. "ಅಮ್ಮಾ, ನೀವು ಕರೆ ಮಾಡಬೇಡಿ. ಅವಳೇ ಒಂದು ಸಾಲು ಬರೆದು ಕಳಿಸುತ್ತಾಳೆ, ಕಾಯಿರಿ." ಕಷ್ಟದ ಮಾತು, ಅವರು ಸುಮ್ಮನೆ ಸೆರಗು ಹಿಂಡುತ್ತಾ ಕುಳಿತರು. ಮಗಳಿಗೆ, ಹೋದ ವಾರವೇ ವಿಶ್ವವಿದ್ಯಾನಿಲಯದ ಎಚ್ಚರಿಕೆ ಸಂದೇಶಗಳಿಗೆ ನಿನ್ನ ಅಲ್ಲಿಯ ನಂಬರು ಕೊಡು, ಫೋನು ಸೈಲೆಂಟ್ ಮಾಡುವುದನ್ನು ಕಣ್ಣು ಮುಚ್ಚಿ ಅಭ್ಯಾಸ ಮಾಡು ಎಂದೆ.

ಗೇಟಿನ ಬಳಿ ಅವಳು ತಿರುಗಿ ನಿಂತಳು. "ಸಾರ್, ನಮ್ಮ ಹತ್ತನೇ ಕ್ಲಾಸಿನ ಬಾಗಿಲು ಒಳಕ್ಕೆ ತೆರೆಯುತ್ತಿತ್ತಾ, ಹೊರಕ್ಕಾ?"

ಇಪ್ಪತ್ತೆಂಟು ವರ್ಷ ಅದೇ ಬಾಗಿಲಲ್ಲಿ ಓಡಾಡಿದವನಿಗೆ ತಟ್ಟನೆ ಹೇಳಲಾಗಲಿಲ್ಲ. ಮರುದಿನ ಹೋಗಿ ನೋಡಿದೆ. ಒಳಕ್ಕೆ. ಒಳಗಿನ ಚಿಲಕ ಕಿತ್ತುಹೋಗಿ ಎಷ್ಟು ವರ್ಷವಾಗಿದೆಯೋ, ಮೊಳೆಯ ತೂತುಗಳು ಮಾತ್ರ ಉಳಿದಿವೆ. ಹೆಡ್‌ಮಾಸ್ಟರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ.