ದೂರದ ಲೆಕ್ಕವೂ ಮನೆಯ ಗುರುತೂ

ಅಮೆರಿಕಾ ಸಂಯುಕ್ತ ಸಂಸ್ಥಾನದ ಆರಿಗನ್ ಪ್ರಾಂತದ ಪೋರ್ಟ್‌ಲ್ಯಾಂಡ್ ನಗರದಲ್ಲಿ ನೆಲೆಸಿರುವ ಗೃಹಿಣಿಯೊಬ್ಬರು ನಮಗೆ ಕಾಗದ ಬರೆದಿರುವರು. ಬೆಂಗಳೂರನ್ನು ಬಿಟ್ಟು ಅಲ್ಲಿ ಮನೆಮಾಡಿದ ಮೇಲೆ ಅವರ ಮಕ್ಕಳಿಗೆ ಜಿಯೋಕ್ಯಾಶಿಂಗ್ ಎಂಬ ಆಟದ ರುಚಿ ಹತ್ತಿತಂತೆ. ಭಾನುವಾರ ಬಂದಿತೆಂದರೆ ಮನೆಮಂದಿಯೆಲ್ಲರೂ, ಊರಿನಿಂದ ಬಂದಿರುವ ಮಾವನವರೂ ಸಹ, ಕೂಡಿ ಹೊರಡುವರು. ಮಾವನವರು ಊರುಗೋಲಿನ ಆಸರೆಯಿಂದ ಎರಡು ಮೂರು ಕಿಲೋಮೀಟರು ಮಾತ್ರ ನಡೆಯಬಲ್ಲವರು. ಆದಕಾರಣ ಗಣಕಯಂತ್ರದ ತಂತ್ರಾಂಶವು ತೋರಿಸುವ ದೂರವನ್ನು ನೋಡಿಯೇ ಆ ದಿನದ ಸಂಚಾರವನ್ನು ನಿಶ್ಚಯಿಸುವುದು ಅವರ ವಾಡಿಕೆ. ಮೊದಮೊದಲು ಎದುರು ಬೀದಿಯ ಪೆಟ್ಟಿಗೆಗೂ ೧೩,೨೦೦ ಕಿ.ಮೀ. ಎಂದು ಬರುತ್ತಿತ್ತು. ಅದನ್ನು ತಿದ್ದಿದ ಮೇಲೆ, ಈ ಆಟದ ಮೊತ್ತಮೊದಲ ಪೆಟ್ಟಿಗೆಯನ್ನು ಇಟ್ಟಿದ್ದ ಸ್ಥಳವು ಮನೆಯಿಂದ ಎರಡೂಕಾಲು ಕಿ.ಮೀ. ಎಂದು ಬಂದಿತು. ಮಾವನವರು ಜೋಡು ಮೆಟ್ಟಿ ಸಿದ್ಧರಾದರು. ದಾರಿ ಕೇಳಿದಾಗ ನೆರೆಯವರು, ಅದು ಇಪ್ಪತ್ತು ಮೈಲಿಯಾಚೆ ಇರುವುದಲ್ಲ ಎಂದರಂತೆ. "ತಂತ್ರಾಂಶವನ್ನು ಎರಡು ಸಲ ತೆಗೆದುಹಾಕಿ ಮತ್ತೆ ಸ್ಥಾಪಿಸಿದ್ದಾಯಿತು. ಇದನ್ನು ನಂಬಿ ವೃದ್ಧರನ್ನು ಹೊರಡಿಸುವುದು ಹೇಗೆ?" ಎಂಬುದು ಈ ಮಹನೀಯರ ಪ್ರಶ್ನೆ.

ಉತ್ತರವನ್ನು ಹೇಳುವ ಮುನ್ನ, ಈ ಆಟವನ್ನರಿಯದ ವಾಚಕರಿಗಾಗಿ ನಾಲ್ಕು ಮಾತು. ಉಪಗ್ರಹಗಳ ಸಂಕೇತಗಳಿಂದ ನಾವಿರುವ ಸ್ಥಳವನ್ನು ತಿಳಿಸುವ ಜಿ.ಪಿ.ಎಸ್. ವ್ಯವಸ್ಥೆಯಲ್ಲಿ ಅಮೆರಿಕಾದ ಸೇನೆಯವರು ಸಾರ್ವಜನಿಕರ ಪಾಲಿಗೆ ಬೇಕೆಂದೇ ಒಂದಿಷ್ಟು ತಪ್ಪನ್ನು ಬೆರೆಸುತ್ತಿದ್ದರು. ನೂರು ಮೀಟರಿನವರೆಗೂ ಅದು ಸ್ಥಳವನ್ನು ತಪ್ಪಿಸುತ್ತಿತ್ತು. ೨೦೦೦ನೆಯ ಇಸವಿಯ ಮೇ ೨ರಂದು ಅದನ್ನು ನಿಲ್ಲಿಸಿದರು. ಮಾರನೆಯ ದಿನವೇ ಡೇವ್ ಅಲ್ಮರ್ ಎಂಬಾತನು ಪೋರ್ಟ್‌ಲ್ಯಾಂಡಿನ ಆಗ್ನೇಯಕ್ಕಿರುವ ಬೀವರ್‌ಕ್ರೀಕ್ ಎಂಬ ಊರಿನ ಸಮೀಪದಲ್ಲಿ ಒಂದು ಕಪ್ಪು ಬಕೆಟ್ಟನ್ನು ಅರೆಬರೆ ಹೂಳಿ, ಅದರಲ್ಲಿ ಪುಸ್ತಕ, ಹಣ, ಒಂದು ಕವಣೆ, ಒಂದು ಡಬ್ಬಿ ಹುರುಳಿಕಾಯಿಬೀಜ ಮುಂತಾದುವನ್ನಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಲೋಕಕ್ಕೆ ಪ್ರಕಟಿಸಿದನು: ಉತ್ತರ ೪೫° ೧೭.೪೬೦', ಪಶ್ಚಿಮ ೧೨೨° ೨೪.೮೦೦'. ಹುಡುಕಿದವರು ಏನನ್ನಾದರೂ ತೆಗೆದುಕೊಂಡು ಏನನ್ನಾದರೂ ಇಡಬೇಕೆಂಬುದೇ ಕಟ್ಟಳೆ. ಇಂದು ಆ ಜಾಗದಲ್ಲಿ ಒಂದು ಸ್ಮಾರಕಫಲಕವುಂಟು. ನಮ್ಮ ಕಾಗದದ ಮಾವನವರು ನೋಡಬಯಸಿದುದು ಅದನ್ನೇ.

ಈಗ ರೋಗದ ನಿದಾನಕ್ಕೆ ಬರೋಣ. ದೂರವೆಂಬುದು ಎರಡು ಬಿಂದುಗಳ ನಡುವಣ ಸಂಬಂಧ. ಒಂದು ತುದಿ ಪೆಟ್ಟಿಗೆ, ಇನ್ನೊಂದು ತುದಿ ಮನೆ. ಲೆಕ್ಕ ತಪ್ಪಿದಾಗ ಜನರು ಪೆಟ್ಟಿಗೆಯನ್ನು ಶಂಕಿಸುವರು, ಅದನ್ನಿಟ್ಟವನನ್ನು ಶಂಕಿಸುವರು, ತಂತ್ರಾಂಶವನ್ನು ಕಿತ್ತು ಹಾಕುವರು. ಮನೆಯ ಗುರುತನ್ನು ಮಾತ್ರ ಶಂಕಿಸುವುದಿಲ್ಲ. ಮನೆ ಎಲ್ಲಿದೆಯೆಂಬುದು ತಮಗೆ ಚೆನ್ನಾಗಿ ಗೊತ್ತೆಂಬ ಧೈರ್ಯ. ತಮಗೆ ಗೊತ್ತಿರುವುದು ನಿಜ. ಯಂತ್ರಕ್ಕೆ ಏನು ಹೇಳಿದ್ದೇವೆ ಎಂಬುದೇ ಪ್ರಶ್ನೆ. ಒಂದು ಪೆಟ್ಟಿಗೆಯ ದೂರ ತಪ್ಪಿದ್ದರೆ ದೋಷವು ಆ ಪೆಟ್ಟಿಗೆಯ ಕಡೆಯದಿರಬಹುದು. ಪಟ್ಟಿಯಲ್ಲಿರುವ ಎಲ್ಲದರ ದೂರವೂ ತಪ್ಪಿದ್ದರೆ ಮೊದಲು ನೋಡತಕ್ಕದ್ದು ಎಲ್ಲಕ್ಕೂ ಸಮಾನವಾದ ತುದಿಯನ್ನು, ಅಂದರೆ ಮನೆಯನ್ನು.

ಮೊದಲಿನ ೧೩,೨೦೦ ಕಿಲೋಮೀಟರಿನ ಗುಟ್ಟು ಇದೇ. ಬೆಂಗಳೂರಿಗೂ ಪೋರ್ಟ್‌ಲ್ಯಾಂಡಿಗೂ ಭೂಗೋಲದ ಮೇಲಿನ ಅತ್ಯಂತ ಹ್ರಸ್ವವಾದ ದಾರಿಯೇ ಸುಮಾರು ಅಷ್ಟು. ಸಂಸಾರವು ವಲಸೆ ಹೋಯಿತು, ತಂತ್ರಾಂಶದೊಳಗಿನ ಮನೆಯು ಬೆಂಗಳೂರಿನಲ್ಲೇ ಉಳಿಯಿತು! ದೂರದ ಪಕ್ಕದಲ್ಲಿ ದಿಕ್ಕನ್ನು ತೋರಿಸುವ ಇನ್ನೊಂದು ಕಾಲಮು ಇರುವುದುಂಟು. ಅದನ್ನು ಯಾರೂ ನೋಡುವುದಿಲ್ಲ. ನೋಡಿದ್ದರೆ ಆಗಲೇ ತಿಳಿಯುತ್ತಿತ್ತು. ಮನೆಯ ಸುತ್ತಲೂ ಹರಡಿರುವ ಪೆಟ್ಟಿಗೆಗಳು ಮೂಡಣ ಪಡುವಣವೆನ್ನದೆ ಎಲ್ಲ ದಿಕ್ಕುಗಳಲ್ಲಿಯೂ ಕಾಣಬೇಕು. ಬೆಂಗಳೂರಿನಿಂದ ನೋಡಿದರೆ ಅವೆಲ್ಲವೂ ಉತ್ತರಕ್ಕೆ, ಕೊಂಚ ಪೂರ್ವಕ್ಕೆ ವಾಲಿದಂತೆ, ಒಂದೇ ದಿಕ್ಕಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಸುತ್ತಲೂ ಇರುವ ನೆರೆಹೊರೆಯೆಲ್ಲ ಒಂದೇ ಮೂಲೆಯಲ್ಲಿ ನೆರೆದಂತೆ ಕಂಡರೆ, ನೋಡುವ ನಾವೇ ಬೇರೆಲ್ಲಿಯೋ ನಿಂತಿದ್ದೇವೆಂದು ಅರ್ಥ.

ಇಲ್ಲಿ ಇನ್ನೊಂದು ತೊಡಕುಂಟು. ಮನೆಯು ಒಂದಲ್ಲ, ಎರಡು. ಆಟದ ಜಾಲತಾಣದಲ್ಲಿ ಸದಸ್ಯರ ಖಾತೆಯೊಳಗೆ ಬರೆದಿಟ್ಟ ಮನೆ ಒಂದು. ನಮ್ಮ ಸ್ವಂತ ಯಂತ್ರದ ತಂತ್ರಾಂಶದಲ್ಲಿ ಬರೆದಿಟ್ಟ ಮನೆ ಇನ್ನೊಂದು. ಶುಲ್ಕ ತೆತ್ತ ಸದಸ್ಯರು ಜಾಲತಾಣದಿಂದ ಒಂದು ಸಲಕ್ಕೆ ಹೆಚ್ಚೆಂದರೆ ೧,೦೦೦ ಪೆಟ್ಟಿಗೆಗಳ ಪಟ್ಟಿಯನ್ನು ತರಿಸಿಕೊಳ್ಳಬಹುದು. ಆ ಪಟ್ಟಿಯನ್ನು ಮನೆಯ ಸುತ್ತಲಿನದೆಂದು ಕೇಳಿದಾಗ ಅದು ಮೊದಲನೆಯ ಮನೆಯನ್ನು ಹಿಡಿಯುತ್ತದೆ. ತಂದ ಪಟ್ಟಿಗೆ ದೂರವನ್ನು ಕಟ್ಟುವುದು ಎರಡನೆಯದು. ಒಂದನ್ನು ತಿದ್ದಿದ ಮಾತ್ರಕ್ಕೆ ಇನ್ನೊಂದು ತಿದ್ದಿಕೊಳ್ಳುವುದಿಲ್ಲ. ಬಂದ ಪಟ್ಟಿಯೇ ಬೇರೆ ಊರಿನದಾಗಿದ್ದರೆ ಮೊದಲನೆಯದನ್ನೂ, ಪಟ್ಟಿ ನಮ್ಮ ಊರಿನದೇ ಆಗಿದ್ದು ದೂರ ಮಾತ್ರ ತಪ್ಪಿದ್ದರೆ ಎರಡನೆಯದನ್ನೂ ಪರೀಕ್ಷಿಸತಕ್ಕದ್ದು.

ಹಲವರು ಬಳಸುವ ಜಿಸ್ಯಾಕ್ ಎಂಬ ತಂತ್ರಾಂಶದಲ್ಲಿ ಟೂಲ್ಸ್ ಎಂಬಲ್ಲಿ ಆಪ್ಷನ್ಸ್, ಅದರೊಳಗೆ ಲೊಕೇಶನ್ಸ್ ಎಂಬ ಪುಟವಿದೆ. ಮನೆ, ಕಚೇರಿ, ಬಂಧುಗಳ ಊರು ಹೀಗೆ ಎಷ್ಟನ್ನಾದರೂ ಅಲ್ಲಿ ಬರೆದಿಡಬಹುದು. ಬರೆದಿಟ್ಟ ಮೇಲೆ ಅವುಗಳಲ್ಲೊಂದನ್ನು ಕೇಂದ್ರಬಿಂದುವಾಗಿ ಆರಿಸಬೇಕು, ಬರೆದುದರಿಂದಲೇ ಆರಿಸಿದಂತಾಗುವುದಿಲ್ಲ. ಮಕ್ಕಳು ಆಡುತ್ತ ಆಡುತ್ತ ಯಾವುದೋ ಪೆಟ್ಟಿಗೆಯನ್ನೇ ಕೇಂದ್ರವನ್ನಾಗಿ ಮಾಡಿಬಿಡುವುದೂ ಉಂಟು. ಆಗ ಆ ಪೆಟ್ಟಿಗೆಯ ಎದುರಿಗೆ ದೂರವು ಸೊನ್ನೆಯೆಂದು ಬಂದಿರುತ್ತದೆ. ಸೊನ್ನೆಯನ್ನು ಹುಡುಕಿದರೆ ಕಳ್ಳ ಸಿಕ್ಕನು.

ಎರಡೂಕಾಲು ಕಿಲೋಮೀಟರಿನ ಕಥೆಯು ಇದಕ್ಕಿಂತ ಸೂಕ್ಷ್ಮವಾದುದು. ನನಗೆ ಹೆಚ್ಚು ಅಪಾಯಕರವಾಗಿಯೂ ತೋರುತ್ತದೆ. ಹದಿಮೂರು ಸಾವಿರವೆಂದರೆ ಯಾರಾದರೂ ನಗುವರು. ಎರಡೂಕಾಲು ಎಂದರೆ ನಂಬಿ ಹೊರಡುವರು. ಆ ಮಹನೀಯರು ತಮ್ಮ ಮನೆಯ ಗುರುತಿನ ಬದಲು ನಗರಮಧ್ಯದ ಚೌಕದ ಗುರುತನ್ನು ಕೊಟ್ಟಿದ್ದರೆಂದು ಕಾಗದದಲ್ಲಿ ಬರೆದಿರುವರು. ಆ ಚೌಕವಿರುವುದು ಉತ್ತರ ೪೫° ೩೧.೧', ಪಶ್ಚಿಮ ೧೨೨° ೪೦.೭' ಎಂಬ ಸ್ಥಾನದಲ್ಲಿ. ತಂತ್ರಾಂಶದಲ್ಲಿ ತುಂಬಿದ್ದುದು ೪೫.೩೧೧ ಮತ್ತು ೧೨೨.೪೦೭ ಎಂದು. ಅಂಕಿಗಳು ಅವೇ, ಕ್ರಮವೂ ಅದೇ. ಆದರೆ ಒಂದು ಅಂಶಕ್ಕೆ ಅರುವತ್ತು ಕಲೆಗಳು, ನೂರಲ್ಲ. ಮೂವತ್ತೊಂದು ಕಲೆಯೆಂದರೆ ಅರ್ಧ ಅಂಶಕ್ಕಿಂತ ಮಿಗಿಲು. ಆದುದರಿಂದ ದಶಮಾಂಶದಲ್ಲಿ ಬರೆಯುವಾಗ ೩೧.೧ನ್ನು ಅರುವತ್ತರಿಂದ ಭಾಗಿಸಿ ೪೫.೫೧೮ ಎಂದೂ, ಹಾಗೆಯೇ ೧೨೨.೬೭೮ ಎಂದೂ ಬರೆಯಬೇಕಾಗಿತ್ತು. ತಪ್ಪಾಗಿ ಬರೆದುದರ ಫಲವಾಗಿ ಮನೆಯು ಮೂವತ್ತೊಂದು ಕಿಲೋಮೀಟರು ಆಗ್ನೇಯಕ್ಕೆ ಸರಿದು, ದೈವಯೋಗದಿಂದ ಬೀವರ್‌ಕ್ರೀಕಿನ ಪಕ್ಕದಲ್ಲಿಯೇ ಹೋಗಿ ನಿಂತಿತು. ನಿಜವಾದ ದೂರ ೩೨ ಕಿ.ಮೀ.ಗಿಂತ ಹೆಚ್ಚು, ಅಂದರೆ ನೆರೆಯವರು ಹೇಳಿದ ಇಪ್ಪತ್ತು ಮೈಲಿಯೇ.

ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ. ಪಂಚಾಂಗವನ್ನು ನೋಡಬಲ್ಲವರು ಕಲೆ ವಿಕಲೆಗಳನ್ನೂ ಗಳಿಗೆ ವಿಗಳಿಗೆಗಳನ್ನೂ ಅರುವತ್ತರ ಲೆಕ್ಕದಲ್ಲಿಯೇ ಎಣಿಸುವರು. ೧೯೫೭ರಲ್ಲಿ ದಶಮಾಂಶದ ನಾಣ್ಯಗಳು ಬರುವುದಕ್ಕೆ ಮುಂಚೆ ರೂಪಾಯಿಗೆ ಹದಿನಾರಾಣೆಯಿತ್ತಷ್ಟೆ. ಮೂರು ರೂಪಾಯಿ ಎಂಟಾಣೆಯನ್ನು ೩.೮ ರೂಪಾಯಿ ಎಂದು ಬರೆದಿದ್ದರೆ ಜವಳಿ ಅಂಗಡಿಯ ಗುಮಾಸ್ತನು ಅಂದೇ ಕೆಲಸ ಕಳೆದುಕೊಳ್ಳುತ್ತಿದ್ದನು. ಅಕ್ಷಾಂಶದ ಲೆಕ್ಕದಲ್ಲಿ ಅದೇ ತಪ್ಪನ್ನು ವಿದ್ಯಾವಂತರು ದಿನವೂ ಮಾಡುತ್ತಿರುವರು. ಯಂತ್ರವು ಚಕಾರವೆತ್ತದೆ ಒಪ್ಪಿಕೊಳ್ಳುತ್ತದೆ.

ಇದೇ ಸ್ಥಾನವನ್ನು ಬರೆಯುವ ಮೂರನೆಯ ರೀತಿಯೂ ಇದೆ: ೪೫° ೩೧' ೦೬", ಅಂದರೆ ಅಂಶ, ಕಲೆ, ವಿಕಲೆ. ಈ ಆಟದವರ ರೂಢಿ ಅಂಶ ಮತ್ತು ದಶಮಾಂಶಸಹಿತವಾದ ಕಲೆ. ಬೆಂಗಳೂರಿನ ೧೨° ೫೮.೩೦೦' ಎಂಬುದನ್ನು ೧೨° ೫೮' ೩೦" ಎಂದು ಓದಿದರೆ ಹೋಗುವುದು ೩೭೦ ಮೀಟರು. ಅದು ಅಲ್ಪವೆನಿಸಬಹುದು, ಆದರೆ ಪೊದೆಯೊಳಗೆ ಅಂಗೈಯಗಲದ ಡಬ್ಬಿಯನ್ನು ಹುಡುಕುವವರಿಗೆ ಅಲ್ಪವಲ್ಲ. ಅಕ್ಷಾಂಶದಲ್ಲಿ ಒಂದು ಕಲೆಯೆಂದರೆ ಸುಮಾರು ೧.೮೫ ಕಿ.ಮೀ.; ಕಲೆಯ ಸಾವಿರದಲ್ಲೊಂದು ಭಾಗವೆಂದರೆ ಎರಡು ಮೀಟರಿಗೂ ಕಡಮೆ. ರೇಖಾಂಶದ ಕಲೆಯು ಧ್ರುವದ ಕಡೆಗೆ ಹೋದಂತೆಲ್ಲ ಕಿರಿದಾಗುತ್ತದೆ, ಬೆಂಗಳೂರಿನಲ್ಲಿ ೧.೮ ಕಿ.ಮೀ. ಇದ್ದುದು ಪೋರ್ಟ್‌ಲ್ಯಾಂಡಿನಲ್ಲಿ ೧.೩ಕ್ಕೆ ಇಳಿದಿರುತ್ತದೆ.

ಬೆಂಗಳೂರಿನಿಂದ ಹೋದವರು ಇನ್ನೊಂದನ್ನು ನೆನಪಿಡಬೇಕು. ಭಾರತದಲ್ಲಿ ನಾವು ಉತ್ತರದವರು, ಪೂರ್ವದವರು. ಚಿಹ್ನೆಯಿಲ್ಲದ ಅಂಕಿಯನ್ನು ಬರೆದರೂ ನಡೆಯುತ್ತದೆ. ಅಮೆರಿಕಾ ಪಶ್ಚಿಮದ್ದು. ಅಲ್ಲಿ ರೇಖಾಂಶಕ್ಕೆ ಡಬ್ಲ್ಯೂ ಅಕ್ಷರವನ್ನಾಗಲಿ ಋಣಚಿಹ್ನೆಯನ್ನಾಗಲಿ ಸೇರಿಸಲೇಬೇಕು. ಇಲ್ಲವಾದರೆ ಪೋರ್ಟ್‌ಲ್ಯಾಂಡಿನ ಮನೆಯು ಚೀನಾದೇಶದ ಈಶಾನ್ಯದ ಬಯಲಿಗೆ ಹೋಗಿ ಕೂಡುವುದು, ದೂರಗಳೆಲ್ಲ ಎಂಟು ಸಾವಿರ ಕಿಲೋಮೀಟರಿನ ಆಸುಪಾಸಿಗೆ ಏರುವುವು. ಅಕ್ಷಾಂಶ ರೇಖಾಂಶಗಳನ್ನು ಅದಲುಬದಲು ಮಾಡುವುದು ಇನ್ನೊಂದು ಬಗೆ. ಪೋರ್ಟ್‌ಲ್ಯಾಂಡಿನವರು ಹಾಗೆ ಮಾಡಿದರೆ ಅಕ್ಷಾಂಶವು ತೊಂಬತ್ತನ್ನು ಮೀರುವುದರಿಂದ ಅಂತಹ ಸ್ಥಳವೇ ಭೂಮಿಯ ಮೇಲಿಲ್ಲ. ಬೆಂಗಳೂರಿನವರಿಗೆ ಈ ರಕ್ಷೆಯಿಲ್ಲ. ಅವರ ಮನೆಯು ಉತ್ತರಧ್ರುವದ ಸನಿಹದ ಸ್ಪಿಟ್ಸ್‌ಬರ್ಗನ್ ದ್ವೀಪದ ಪಡುಗಡಲಿನಲ್ಲಿ ತೇಲುವುದು! ಏನನ್ನೂ ತುಂಬದೆ ಬಿಟ್ಟು ಎರಡೂ ಸೊನ್ನೆಯಾಗಿ ಉಳಿದರೆ ಮನೆಯು ಆಫ್ರಿಕಾದ ಪಶ್ಚಿಮಕ್ಕೆ ಗಿನಿಯ ಕೊಲ್ಲಿಯಲ್ಲಿರುತ್ತದೆ. ಬೆಂಗಳೂರಿನ ಪೆಟ್ಟಿಗೆಗಳೆಲ್ಲ ಆಗ ೮,೬೦೦ ಕಿ.ಮೀ.ಗಿಂತ ದೂರದಲ್ಲಿ ಕಾಣುವುವು.

ಮೈಲಿ ಕಿಲೋಮೀಟರುಗಳ ಗೊಂದಲವನ್ನು ಕಂಡುಹಿಡಿಯುವುದು ಸುಲಭ. ಮನೆ ತಪ್ಪಿದ್ದರೆ ಕೆಲವು ದೂರಗಳು ಹೆಚ್ಚಿ ಕೆಲವು ತಗ್ಗುವುವು. ಅಳತೆಯ ಮಾನ ತಪ್ಪಿದ್ದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ, ೧.೬೦೯ರಂತೆ, ಹೆಚ್ಚುವುವು ಅಥವಾ ತಗ್ಗುವುವು. 'ಎರಡು' ಎಂದು ಕಂಡುದು ಮೈಲಿಯಾಗಿದ್ದರೆ ವೃದ್ಧರು ನಡೆಯಬೇಕಾದುದು ಮೂರು ಕಿಲೋಮೀಟರಿಗೂ ಮೇಲೆ. ಇದಲ್ಲದೆ ತಂತ್ರಾಂಶವು ಕೊಡುವುದು ಹಕ್ಕಿ ಹಾರುವ ದಾರಿಯ ಲೆಕ್ಕ. ಪೋರ್ಟ್‌ಲ್ಯಾಂಡಿನ ನಡುವೆ ವಿಲಾಮೆಟ್ ನದಿ ಹರಿಯುತ್ತದೆ. ಆಚೆ ದಡದ ಪೆಟ್ಟಿಗೆಗೆ ಸೇತುವೆಯ ಸುತ್ತನ್ನು ಕಾಲಿನಿಂದಲೇ ತೀರಿಸಬೇಕು. ಮಾವನವರೊಡನೆ ಹೊರಡುವ ದಿನ ಪಟ್ಟಿಯ ದೂರದ ಜತೆಗೆ ನಕ್ಷೆಯಲ್ಲಿ ಕಾಲುದಾರಿಯ ದೂರವನ್ನೂ ನೋಡುವುದು, ಹೋಗುವುದರ ಜತೆಗೆ ಬರುವುದನ್ನೂ ಎಣಿಸುವುದು ಅವಶ್ಯ.

ಎಲ್ಲವೂ ಸರಿಯಿದ್ದು ಒಂದೇ ಒಂದು ಪೆಟ್ಟಿಗೆಯ ದೂರ ತಪ್ಪಿದ್ದರೆ ಅದು ಒಗಟಿನ ಪೆಟ್ಟಿಗೆಯೇ ಎಂದು ನೋಡಿರಿ. ಅಂತಹವುಗಳಿಗೆ ಪ್ರಕಟವಾಗುವ ಸ್ಥಾನವು ಹುಸಿ. ಒಗಟನ್ನು ಬಿಡಿಸಿದವರಿಗೆ ನಿಜಸ್ಥಾನವು ದೊರೆಯುತ್ತದೆ. ಎರಡಕ್ಕೂ ನಡುವೆ ಸಾಧಾರಣವಾಗಿ ಎರಡು ಮೈಲಿಗಿಂತ ಹೆಚ್ಚಿನ ಅಂತರವಿರಕೂಡದೆಂದು ಆಟದ ನಿಯಮ. ಬಿಡಿಸಿದ ಸ್ಥಾನವನ್ನು ತಂತ್ರಾಂಶದಲ್ಲಿ ತಿದ್ದಿ ಬರೆದ ಮೇಲೆಯೇ ದೂರವು ಸರಿಹೋಗುವುದು.

ರಜಕ್ಕೆ ಊರಿಗೆ ಬಂದು ಇಲ್ಲಿಯೂ ಆಡಬಯಸುವವರು ಅಟ್ಟದ ಮೇಲಿನ ಹಳೆಯ ಸರ್ವೆ ನಕ್ಷೆಯಿಂದ ಮನೆಯ ಸ್ಥಾನವನ್ನು ಎತ್ತಿಕೊಳ್ಳಬಾರದು. ವಿಲಿಯಂ ಲ್ಯಾಂಬ್ಟನ್ ೧೮೦೦ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಸರಪಳಿಯಿಟ್ಟು ಆಧಾರರೇಖೆಯನ್ನು ಅಳೆದಂದಿನಿಂದ ಬೆಳೆದುಬಂದ ಆ ಮಹತ್ಕಾರ್ಯವು ಕಡೆಗೆ ೧೮೩೦ರ ಎವರೆಸ್ಟ್ ಗೋಲಮಾನವನ್ನು ಆಧರಿಸಿ ನಿಂತಿತು. ಜಿ.ಪಿ.ಎಸ್. ಅನುಸರಿಸುವುದು ೧೯೮೪ರ ಹೆಸರಿನ ಬೇರೊಂದು ಮಾನವನ್ನು. ಒಂದೇ ಅಂಕಿಗಳು ಈ ಎರಡು ಮಾನಗಳಲ್ಲಿ ನೂರು ಮೀಟರಿಗೂ ಮೀರಿದ ಅಂತರದ ಎರಡು ಸ್ಥಳಗಳಾಗುತ್ತವೆ. ನಕ್ಷೆ ಸುಳ್ಳಲ್ಲ, ಅದರ ಭಾಷೆ ಬೇರೆ.

ತಿದ್ದಿದ ಮೇಲೆ ಪರೀಕ್ಷೆಯೇನೆಂದರೆ, ಕಣ್ಣಿನಿಂದ ಕಂಡು ದೂರವನ್ನರಿತ ಎರಡು ಪೆಟ್ಟಿಗೆಗಳನ್ನು, ಒಂದು ಮೂಡಣದ್ದು, ಒಂದು ಬಡಗಣದ್ದು, ಪಟ್ಟಿಯಲ್ಲಿ ಹುಡುಕಿ ದೂರವನ್ನೂ ದಿಕ್ಕನ್ನೂ ತಾಳೆ ನೋಡುವುದು. ಒಂದೇ ಸಾಲದು, ಒಂದು ಆಕಸ್ಮಿಕವಾಗಿ ಸರಿಬರಬಹುದು.

ಆ ಮಹನೀಯರು ತಮ್ಮ ಮನೆಯ ಬದಲು ಚೌಕದ ಗುರುತನ್ನು ಕೊಟ್ಟುದು ಜಾಣತನವೆಂದೇ ನನ್ನ ಅಭಿಪ್ರಾಯ. ಮನೆಯಿಂದ ದೂರಗಳನ್ನು ಲೆಕ್ಕಹಾಕಿದ ಪಟ್ಟಿಯ ಚಿತ್ರವನ್ನು ಸ್ನೇಹಿತರಿಗೆ ತೋರಿಸಲು ಎಲ್ಲರ ಕಣ್ಣಿಗೂ ಬೀಳುವ ಕಡೆ ಹಾಕುವುದುಂಟು. ಮೂರು ಪೆಟ್ಟಿಗೆಗಳ ಸ್ಥಾನ ಪ್ರಕಟವಾಗಿದೆ, ಮೂರರ ದೂರವೂ ಚಿತ್ರದಲ್ಲಿದೆ. ನಕ್ಷೆಯ ಮೇಲೆ ಕೈವಾರದಿಂದ ಮೂರು ವೃತ್ತಗಳನ್ನೆಳೆದರೆ ಅವು ಕೂಡುವಲ್ಲಿ ಮನೆಯು ಬಯಲಾಗುತ್ತದೆ, ಮತ್ತು ಮನೆಯವರೆಲ್ಲರೂ ಭಾನುವಾರ ಹೊರಗಿರುವರೆಂಬುದೂ ಆಟದ ದಿನಚರಿಯಿಂದ ತಿಳಿಯುತ್ತದೆ. ಬಾಗಿಲಿನ ಬದಲು ಬೀದಿಯ ಕೊನೆಯ ನಾಲ್ಕುದಾರಿಯನ್ನೋ ಹತ್ತಿರದ ಉದ್ಯಾನವನ್ನೋ ಗುರುತಾಗಿ ಬರೆದಿಟ್ಟುಕೊಳ್ಳಬಹುದು. ಕಾಲು ಕಿಲೋಮೀಟರಿನ ಹೆಚ್ಚುಕಡಮೆ ಬಂದೀತು, ಅದನ್ನು ಮನಸ್ಸಿನಲ್ಲಿ ಸೇರಿಸಿಕೊಂಡರಾಯಿತು.