ಮೀನುಮರಿ ಹಂಚುವುದೇ ವಿಸ್ತರಣೆಯೆ?

ಮಲೆನಾಡಿನ ಕೃಷಿಹೊಂಡಗಳಲ್ಲಿ ಕಾಟ್ಲಾ, ರೋಹು ಬಿಡಿಸುವ ವಿಸ್ತರಣಾ ಕಾರ್ಯಕರ್ತನ ದುಡಿಮೆಯನ್ನು ಅಳೆಯುವುದು ಹಂಚಿದ ಮರಿಗಳ ಲೆಕ್ಕದಿಂದ; ಬದುಕುಳಿದ ಮೀನಿನಿಂದಲ್ಲ. ಜಂಬಿಟ್ಟಿಗೆ ನೆಲದ ನೀರು ಬಹುಮಟ್ಟಿಗೆ ಹುಳಿ. ಸುಣ್ಣವಿಕ್ಕದೆ ಮರಿ ಬಿಟ್ಟರೆ ಅವುಗಳ ಆಹಾರವಾದ ಪ್ಲವಕವೇ ಸರಿಯಾಗಿ ಬೆಳೆಯದು. ಆಷಾಢದ ಮಳೆಗೆ ಹೊಂಡ ಉಕ್ಕಿ ಮರಿಗಳು ಹಳ್ಳದ ಪಾಲು. ಬೇಸಗೆಗೆ ನೀರೇ ಇಂಗುತ್ತದೆ. ಬಯಲುಸೀಮೆಯ ಕೆರೆಗೆಂದು ಬರೆದ ಕೈಪಿಡಿಯನ್ನು ಹಿಡಿದು ಆತನಾದರೂ ಏನು ಹೇಳಿಯಾನು? ಇತ್ತ, ಎಂದೋ ನಿಷೇಧಗೊಂಡ ಆಫ್ರಿಕನ್ ಕ್ಯಾಟ್‌ಫಿಷ್ ಮಾರುವ ದಲ್ಲಾಳಿಗೆ ಯಾವ ಕೈಪಿಡಿಯೂ ಬೇಕಿಲ್ಲ. ಅದು ಹಳ್ಳಕ್ಕಿಳಿದರೆ ನಮ್ಮ ನಾಡಮೀನುಗಳ ಗತಿಯೇನು?

2020ರ ಮತ್ಸ್ಯ ಸಂಪದ ಯೋಜನೆ ಕರಾವಳಿಯ ಹಳ್ಳಿಗಳಿಗೆ ‘ಸಾಗರ ಮಿತ್ರ’ರನ್ನು ಕೊಟ್ಟಿತು. ಘಟ್ಟದ ಮೇಲಿನವರಿಗೆ ಮಿತ್ರರು ಬೇಡವೆ? ಮರಿಗಿಂತ ಮೊದಲು ನೀರಿನ ಪರೀಕ್ಷೆ, ಹೊಂಡದ ಕೋಡಿಗೆ ಜಾಲರಿ: ಇವೆರಡನ್ನು ಇಲಾಖೆಯು ಕಾರ್ಯಕರ್ತನ ಗುರಿಪಟ್ಟಿಯಲ್ಲಿ ಈ ಮಳೆಗಾಲಕ್ಕೆ ಮೊದಲೇ ಬರೆಯಲಿ.